ಹಿರಿಯರ ಆತಂಕಕ್ಕೆ ಚಿಕಿತ್ಸೆ ಇದೆ, ಅದು ನಿದ್ದೆ ಮಾತ್ರೆಯಲ್ಲ

ಸಂಜೆ ಆರಾಯಿತೆಂದರೆ ಎದೆ ಡವಡವ. ಅಂಗೈಯಲ್ಲಿ ಬೆವರು, ಹೊಟ್ಟೆಯಲ್ಲಿ ಸಂಕಟ, ‘ಏನೋ ಆಗಿಬಿಡುತ್ತೆ’ ಎನ್ನುವ ಗಾಬರಿ. ಇಸಿಜಿ ಮಾಡಿಸಿದ್ದಾಯಿತು, ಎಕೋ ಆಯಿತು, ಎಂಡೋಸ್ಕೋಪಿಯೂ ಆಯಿತು. ಎಲ್ಲ ನಾರ್ಮಲ್. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಒಬ್ಬರು ಮಾತ್ರೆ ಕೊಟ್ಟರು, ‘ವಯಸ್ಸಾಯಿತಲ್ಲ’ ಎಂದು ಇನ್ನೊಬ್ಬರು ಕೈತೊಳೆದುಕೊಂಡರು. ‘ಸುಮ್ಮನೆ ಇಲ್ಲದ ಯೋಚನೆ ಮಾಡಬೇಡಿ’ ಎಂದು ಮನೆಯವರು ಧೈರ್ಯ ಹೇಳಿದರು. ಮರುದಿನ ಸಂಜೆ ಮತ್ತೆ ಅದೇ ಪಾಡು.

ನಿಮ್ಮ ತಾಯಿಗೋ ತಂದೆಗೋ ಅತ್ತೆ ಮಾವನಿಗೋ, ಅಥವಾ ಸ್ವತಃ ನಿಮಗೇ ಹೀಗಾಗುತ್ತಿದ್ದರೆ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ವಯಸ್ಸಾದಂತೆ ಕೂದಲು ಬೆಳ್ಳಗಾಗುವುದು ಸಹಜ, ದಿನವಿಡೀ ಹೆದರಿಕೊಂಡು ಬದುಕುವುದು ಸಹಜವಲ್ಲ. ಅದು ಕಾಯಿಲೆ. ಎಪ್ಪತ್ತರಲ್ಲೂ ಎಂಬತ್ತರಲ್ಲೂ ಗುಣ ಕಾಣುವ ಕಾಯಿಲೆ. ‘ಈ ವಯಸ್ಸಿನಲ್ಲಿ ಇನ್ನೇನು ಬದಲಾಗುತ್ತಾರೆ’ ಎನ್ನುವ ಮಾತನ್ನು ಮನೆಯಿಂದ ಹೊರಗೆ ಹಾಕಿದರೆ ಅರ್ಧ ದಾರಿ ಸವೆದಂತೆ.

ನಮ್ಮ ಹಿರಿಯರು ‘ನನಗೆ ಚಿಂತೆ ಹತ್ತಿದೆ’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ‘ತಲೆ ತಿರುಗುತ್ತೆ, ಕೈಕಾಲು ಜೋಮು, ಊಟ ಸೇರಲ್ಲ, ನಿದ್ದೆ ಇಲ್ಲ’ ಎನ್ನುತ್ತಾರೆ. ಆದ್ದರಿಂದ ಮಾತಿಗಿಂತ ನಡವಳಿಕೆ ನೋಡಿ. ದಿನಕ್ಕೆ ಹತ್ತು ಸಲ ಬಿ.ಪಿ. ನೋಡಿಕೊಳ್ಳುತ್ತಾರೆಯೇ? ಮಗ ಮನೆಗೆ ಬರುವುದು ಹದಿನೈದು ನಿಮಿಷ ತಡವಾದರೆ ಗೇಟಿಗೂ ಹಜಾರಕ್ಕೂ ಓಡಾಡುತ್ತಾರೆಯೇ? ಮದುವೆ, ದೇವಸ್ಥಾನ, ವಾಕಿಂಗು ಒಂದೊಂದಾಗಿ ನಿಂತುಹೋಗಿವೆಯೇ? ಹೆಚ್ಚು ದಿನಗಳಲ್ಲಿ ಇಂಥ ಆತಂಕ ಇದ್ದು ಆರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಗುರುತಿಸುತ್ತಾರೆ. ಸಹಾಯ ಕೇಳಲು ನೀವು ಆರು ತಿಂಗಳು ಕಾಯಬೇಕಾಗಿಲ್ಲ.

ಹೆದರಿಕೆ ತಾನಾಗಿ ಏಕೆ ಇಳಿಯುವುದಿಲ್ಲ?

ಅಪಾಯ ಕಂಡಾಗ ದೇಹ ಅಡ್ರಿನಲಿನ್ ಬಿಡುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅಪಾಯ ಕಳೆದ ಮೇಲೆ, ಅಥವಾ ಅಪಾಯವೇ ಇಲ್ಲವೆಂದು ಗೊತ್ತಾದ ಮೇಲೆ ಇದು ತಾನಾಗಿ ಇಳಿಯುತ್ತದೆ. ಗೊತ್ತಾಗಲು ಬಿಟ್ಟರೆ ಮಾತ್ರ! ಬಚ್ಚಲಲ್ಲಿ ಒಮ್ಮೆ ಜಾರಿಬಿದ್ದ ತಂದೆ ಮರುದಿನ ವಾಕಿಂಗಿಗೆ ಹೊರಟು ಗೇಟಿನ ಹತ್ತಿರ ಗಾಬರಿಯಾಗಿ ಒಳಗೆ ಬಂದರು ಎನ್ನಿ. ಒಳಗೆ ಬಂದ ಕೂಡಲೇ ಹಾಯೆನಿಸಿತು. ‘ಒಳಗೆ ಬಂದಿದ್ದಕ್ಕೇ ಉಳಿದೆ’ ಎಂದು ಮನಸ್ಸು ಕಲಿಯಿತು. ನಾಳೆ ಗೇಟಿನವರೆಗೂ ಹೋಗುವುದಿಲ್ಲ, ಮುಂದಿನ ವಾರ ಅಂಗಳಕ್ಕೂ ಇಳಿಯುವುದಿಲ್ಲ. ನಡೆಯದ ಕಾಲು ಸೊರಗುತ್ತದೆ, ಸೊರಗಿದ ಕಾಲು ನಿಜವಾಗಿಯೂ ಮತ್ತೆ ಬೀಳಿಸುತ್ತದೆ. ಹೆದರಿಕೆಯೇ ಬೀಳಲು ಕಾರಣವಾಗುವುದು ಹೀಗೆ.

ಮಕ್ಕಳು ಪ್ರೀತಿಯಿಂದ ಹೇಳುವ ಸಮಾಧಾನವೂ ಇದೇ ಕೆಲಸ ಮಾಡುತ್ತದೆ. ‘ಏನೂ ಆಗಲ್ಲಮ್ಮ’ ಎಂದಾಗ ಹತ್ತು ನಿಮಿಷ ನೆಮ್ಮದಿ. ಹನ್ನೊಂದನೇ ನಿಮಿಷಕ್ಕೆ ಮತ್ತೆ ಆ ಮಾತು ಬೇಕು. ಹೆದರಿದ್ದನ್ನು ತಪ್ಪಿಸಿಕೊಳ್ಳುವುದು, ಪದೇ ಪದೇ ಸಮಾಧಾನ ಕೇಳುವುದು, ಮಾತ್ರೆ ನುಂಗಿ ಮಲಗಿಬಿಡುವುದು, ಈ ಮೂರೂ ಆ ಕ್ಷಣಕ್ಕೆ ತಂಪು, ನಾಳೆಗೆ ಬಿಸಿ. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ ಅರಿವು–ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ, ಯೋಚನೆ ಮತ್ತು ನಡವಳಿಕೆಯ ಇಂಥ ಸುತ್ತನ್ನೇ ಕಡಿಯುತ್ತದೆ. ಹಿರಿಯರ ಆತಂಕಕ್ಕೂ ಅದು ಫಲ ಕೊಡುತ್ತದೆ.

ಮೊದಲು ದೇಹವನ್ನು ನೋಡಿ

ಜೀವಮಾನವಿಡೀ ಧೈರ್ಯವಾಗಿದ್ದವರಿಗೆ ಅರವತ್ತೈದರ ಮೇಲೆ ಮೊದಲ ಸಲ ಆತಂಕ ಶುರುವಾದರೆ ಅದನ್ನು ಮನಸ್ಸಿನದ್ದು ಎಂದು ತಕ್ಷಣ ತೀರ್ಮಾನಿಸಬೇಡಿ. ಯುವಕರಿಗೂ ಹಿರಿಯರಿಗೂ ಇರುವ ದೊಡ್ಡ ವ್ಯತ್ಯಾಸ ಇದು.

1. ರಕ್ತಪರೀಕ್ಷೆ. ಥೈರಾಯ್ಡ್ ಹೆಚ್ಚಾದರೆ ನಡುಕ, ಬೆವರು, ಎದೆಬಡಿತ, ತೂಕ ಇಳಿಯುವುದು ಎಲ್ಲವೂ ಆತಂಕದಂತೆಯೇ ಕಾಣುತ್ತವೆ. ಥೈರಾಯ್ಡ್ ಜೊತೆಗೆ ಹಿಮೋಗ್ಲೋಬಿನ್, ವಿಟಮಿನ್ ಬಿ12, ಸೋಡಿಯಂ, ಸಕ್ಕರೆ ಅಂಶ ನೋಡಿಸಿ. ಎದೆಬಡಿತ ತಪ್ಪುವುದಿದ್ದರೆ ಇಸಿಜಿ ಬೇಕು.

2. ಸಕ್ಕರೆ ಇಳಿದಿರಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಡಮಾಡಿದರೆ ಬೆವರಿ ನಡುಗಿ ಗಾಬರಿಯಾಗುತ್ತಾರೆ. ಆ ಹೊತ್ತಿನಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಬಂದರೆ ಬೇಕಾದದ್ದು ಸಮಾಧಾನವಲ್ಲ, ಮೂರು ಚಮಚ ಸಕ್ಕರೆ ಕಲಸಿದ ನೀರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಕೆಲವು ಬಿ.ಪಿ. ಮಾತ್ರೆಗಳು, ಅಂದರೆ ಬೀಟಾ ಬ್ಲಾಕರ್‌ಗಳು, ಈ ನಡುಕ, ಎದೆಬಡಿತಗಳನ್ನು ಮುಚ್ಚಿಬಿಡುತ್ತವೆ. ಅವನ್ನು ತೆಗೆದುಕೊಳ್ಳುವವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಇರಲಿ.

3. ಮಾತ್ರೆ ಡಬ್ಬಿ ಸುರಿಯಿರಿ. ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಇನ್ಹೇಲರ್, ಥಿಯೋಫಿಲಿನ್, ಸ್ಟೀರಾಯ್ಡ್, ಮೂಗು ಕಟ್ಟಿದ್ದಕ್ಕೆ ಅಂಗಡಿಯಲ್ಲಿ ಕೇಳಿ ತಂದ ಶೀತದ ಮಾತ್ರೆ, ಇವೆಲ್ಲ ಎದೆಬಡಿತ, ಚಡಪಡಿಕೆ ತರಬಲ್ಲವು. ಅಲೋಪತಿ, ಆಯುರ್ವೇದ, ಮೆಡಿಕಲ್ ಶಾಪಿನದ್ದು ಎಂದು ಬೇರೆ ಮಾಡದೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಡಾಕ್ಟರ ಮುಂದಿಡಿ.

4. ಕಾಫಿಯ ಲೆಕ್ಕ. ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ಐದು ಗಂಟೆ ಕಳೆದರೂ ದೇಹದಲ್ಲಿರುತ್ತದೆ. ಸಂಜೆ ಐದರ ಗಟ್ಟಿ ಡಿಕಾಕ್ಷನ್ನು ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಬಿಡಿಸಲು ಹೋಗಬೇಡಿ, ಮಧ್ಯಾಹ್ನದೊಳಗೆ ಮುಗಿಸುವಂತೆ ನೋಡಿಕೊಳ್ಳಿ. ಡಿಕಾಕ್ಷನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ತೆಳು ಮಾಡಿ, ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ.

5. ಕಿವಿ, ಕಣ್ಣು. ಪಕ್ಕದ ಕೋಣೆಯ ಮಾತು ಅರೆಬರೆ ಕೇಳಿಸಿದರೆ ತಮ್ಮ ಬಗ್ಗೆಯೇ ಏನೋ ಮುಚ್ಚಿಡುತ್ತಿದ್ದಾರೆ ಎನಿಸುವುದು ಸಹಜ. ಪೊರೆ ಬಂದ ಕಣ್ಣಿಗೆ ಮೆಟ್ಟಿಲು ಭಯ ಹುಟ್ಟಿಸುತ್ತದೆ. ಹಿಯರಿಂಗ್ ಏಡ್, ಪೊರೆಯ ಆಪರೇಷನ್ ಇವೂ ಆತಂಕದ ಚಿಕಿತ್ಸೆಯ ಭಾಗವೇ.

ಮರೆವು ಮತ್ತು ಖಿನ್ನತೆಯನ್ನೂ ಕೇಳಿ ತಿಳಿಯಬೇಕು. ಆತಂಕದ ಜೊತೆ ಖಿನ್ನತೆ ಇರುವುದು ತುಂಬ ಸಾಮಾನ್ಯ. ಹೇಳಿದ್ದನ್ನೇ ಹೇಳುವುದು, ಗೊತ್ತಿರುವ ದಾರಿ ತಪ್ಪುವುದು, ಕತ್ತಲಾಗುತ್ತಿದ್ದಂತೆ ‘ಮನೆಗೆ ಹೋಗೋಣ’ ಎಂದು ಹಟ ಹಿಡಿಯುವುದು ಇದ್ದರೆ ಡಿಮೆನ್ಷಿಯಾದ ಪರೀಕ್ಷೆ ಆಗಲೇಬೇಕು. ಅಂಥವರಿಗೆ ಮುಂದೆ ಹೇಳುವ ಮೆಟ್ಟಿಲಿನ ಕ್ರಮ ಒಗ್ಗುವುದಿಲ್ಲ. ಅವರಿಗೆ ಬೇಕಾದದ್ದು ದಿನವೂ ಅದೇ ಹೊತ್ತಿನ ಊಟ, ಸಂಜೆಗೆ ಮೊದಲೇ ಹಾಕಿದ ದೀಪ, ಪರಿಚಿತ ಮುಖ.

ಒಂದೊಂದೇ ಮೆಟ್ಟಿಲು

ದೇಹದ ಕಾರಣಗಳನ್ನು ನೋಡಿಯಾದ ಮೇಲೆ ನಿಜವಾದ ಕೆಲಸ ಇಲ್ಲಿದೆ. ಹೆದರಿದ ಜಾಗಕ್ಕೆ, ಹೆದರಿಕೆ ಇಳಿಯುವಷ್ಟು ಹೊತ್ತು, ಪದೇ ಪದೇ ಹೋಗಬೇಕು. ಒಮ್ಮೆಲೇ ಅಲ್ಲ, ಹಂತ ಹಂತವಾಗಿ. ಅಲ್ಲೇ ಉಳಿದರೆ ಗಾಬರಿ ಏರಿ, ನಿಂತು, ಇಳಿಯುತ್ತದೆ. ಅದು ಇಳಿಯುವುದನ್ನು ಸ್ವತಃ ಕಂಡವರಿಗೆ ಬೇರೆಯವರ ಧೈರ್ಯದ ಮಾತು ಬೇಕಾಗುವುದಿಲ್ಲ.

ಬಿದ್ದ ಮೇಲೆ ಹೊರಗೆ ಕಾಲಿಡದ ತಂದೆಯ ಉದಾಹರಣೆಯನ್ನೇ ಮುಂದುವರಿಸೋಣ. ಮೊದಲು ಬೀಳುವ ಅಪಾಯವನ್ನೇ ತಗ್ಗಿಸಿ. ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟು, ರಾತ್ರಿ ದೀಪ, ಹಿಮ್ಮಡಿ ಹಿಡಿಯುವ ಚಪ್ಪಲಿ. ಐದು ನಿಮಿಷ ಕೂತಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿ.ಪಿ. ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬಿ.ಪಿ. ಮಾತ್ರೆಯ ಪ್ರಮಾಣದ ಬಗ್ಗೆ ಡಾಕ್ಟರನ್ನು ಕೇಳಬೇಕು. ಗಟ್ಟಿಯಾದ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ದಿನಕ್ಕೆ ಎರಡು ಮೂರು ಸಲ, ಸುಸ್ತಾಗದಷ್ಟು ಮಾಡಿದರೆ ತೊಡೆಗೆ ಬಲ ಬರುತ್ತದೆ.

ಆಮೇಲೆ ಅವರನ್ನೇ ಕೂರಿಸಿಕೊಂಡು ಪಟ್ಟಿ ಬರೆಯಿರಿ. ನೀವೇ ಬರೆದು ಕೊಡಬೇಡಿ, ಅವರು ಹೇಳಲಿ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಭಯ ಎಂದು ಅಂಕ ಹಾಕಿಸಿ. ಪಟ್ಟಿ ಹೀಗಿರಬಹುದು:

1. ಬಾಗಿಲು ತೆರೆದು ಜಗಲಿಯಲ್ಲಿ ಕೂರುವುದು (2).
2. ಮಗನ ಜೊತೆ ಗೇಟಿನವರೆಗೆ ನಡೆಯುವುದು (4).
3. ಮಗ ಜಗಲಿಯಲ್ಲಿ ನಿಂತಿದ್ದಾಗ ಒಬ್ಬರೇ ಗೇಟಿಗೆ ಹೋಗಿಬರುವುದು (5).
4. ಜೊತೆಗೊಬ್ಬರಿದ್ದು ಬೀದಿ ಮೂಲೆಯ ಅಂಗಡಿಗೆ ಹೋಗುವುದು (6).
5. ಅದೇ ಅಂಗಡಿಗೆ ಕೋಲು ಹಿಡಿದು ಒಬ್ಬರೇ ಹೋಗುವುದು (8).

ಮೊದಲನೆಯದನ್ನು ದಿನವೂ ಮಾಡಿ. ಭಯ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಿ. ಕೆಲವು ದಿನ ಸತತವಾಗಿ ಸುಲಭವೆನಿಸಿದ ಮೇಲೆ ಎರಡನೆಯದಕ್ಕೆ ಹೋಗಿ. ಒಂದು ಮೆಟ್ಟಿಲಲ್ಲಿ ಸಿಕ್ಕಿಕೊಂಡರೆ ಕೆಳಗಿಳಿಯಬೇಡಿ, ನಡುವೆ ಇನ್ನೊಂದು ಸಣ್ಣ ಮೆಟ್ಟಿಲು ಮಾಡಿ. ಪಕ್ಕದಲ್ಲಿರುವವರು ನಿಧಾನವಾಗಿ ದೂರ ಸರಿಯುವುದು ಈ ಕ್ರಮದ ಜೀವಾಳ. ಕೊನೆಯವರೆಗೂ ಕೈಹಿಡಿದೇ ನಡೆಸಿದರೆ ಧೈರ್ಯ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಅವರಲ್ಲಿ ಅಲ್ಲ. ಬಸ್ಸು, ಲಿಫ್ಟು, ಮದುವೆಯ ಗದ್ದಲ, ಮನೆಯಲ್ಲಿ ಒಬ್ಬರೇ ಇರುವುದು, ಯಾವ ಭಯಕ್ಕಾದರೂ ಪಟ್ಟಿ ಇದೇ ಬಗೆಯದು.

ಪದೇ ಪದೇ ಬರುವ ಫೋನು

ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಹೆತ್ತವರು ಊರಿನಲ್ಲಿರುವ ಮನೆಗಳಲ್ಲಿ ಆತಂಕ ಫೋನಿನ ಮೂಲಕ ಬರುತ್ತದೆ. ‘ತಲುಪಿದ್ಯಾ? ಊಟ ಆಯ್ತಾ? ಯಾಕೆ ಫೋನ್ ತೆಗೀಲಿಲ್ಲ?’ ಸಿಡುಕಿದರೆ ಅವರಿಗೆ ನೋವು, ಪ್ರತಿ ಸಲ ಸಮಾಧಾನ ಹೇಳಿದರೆ ಕರೆ ಹೆಚ್ಚುತ್ತದೆ. ನಡುವಿನ ದಾರಿ ಸಮಯ ಗೊತ್ತು ಮಾಡುವುದು. ಶಾಂತವಾಗಿರುವ ಹೊತ್ತಿನಲ್ಲಿ ಒಪ್ಪಂದ ಮಾಡಿಕೊಳ್ಳಿ: ‘ಅಮ್ಮ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡ್ತೀನಿ. ನಡುವೆ ಗಾಬರಿ ಆದ್ರೆ ಪುಸ್ತಕದಲ್ಲಿ ಬರ್ದಿಡಿ, ರಾತ್ರಿ ಅದನ್ನೇ ಮಾತಾಡೋಣ.’ ಆ ಎರಡು ಹೊತ್ತನ್ನು ನೀವು ತಪ್ಪಿಸಲೇಬಾರದು. ನಡುವೆ ಕರೆ ಬಂದರೆ ‘ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ ಅಮ್ಮ, ಎಂಟಕ್ಕೆ ಮಾತಾಡೋಣ’ ಎಂದಷ್ಟೇ ಹೇಳಿ. ‘ಏನೂ ಆಗಿಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ಮೊದಲ ವಾರ ಕರೆಗಳು ಹೆಚ್ಚಾಗಬಹುದು, ಅಲ್ಲಿ ಸೋಲಬೇಡಿ.

ಬಿ.ಪಿ. ಯಂತ್ರಕ್ಕೂ ಇದೇ ನಿಯಮ. ಗಾಬರಿಯಲ್ಲಿ ನೋಡಿದರೆ ಬಿ.ಪಿ. ಹೆಚ್ಚು ಬರುವುದೇ ಸರಿ, ಆ ಅಂಕಿ ನೋಡಿ ಗಾಬರಿ ಇನ್ನೂ ಏರುತ್ತದೆ. ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದಷ್ಟು ಸಲ ನೋಡಿದರೆ ಸಾಕು.

ಉಸಿರು ಮತ್ತು ಚಿಂತೆಯ ಹೊತ್ತು

ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಎಳೆಯುವುದಕ್ಕಿಂತ ಬಿಡುವುದು ಉದ್ದವಿರಬೇಕು. ಬೆನ್ನಿಗೆ ಆಸರೆ ಕೊಟ್ಟು ಕೂತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕಿರಿದು ಮಾಡಿ ಆರು ಎಣಿಸುವಷ್ಟು ಬಿಡಿ. ಬೆಳಿಗ್ಗೆ ಸಂಜೆ ಐದೈದು ನಿಮಿಷ. ಗಾಬರಿ ಇಲ್ಲದ ಹೊತ್ತಿನಲ್ಲೇ ರೂಢಿಯಾಗಬೇಕು, ಎದೆ ಹೊಡೆದುಕೊಳ್ಳುವಾಗ ಹೊಸದಾಗಿ ಕಲಿಯಲಾಗದು. ಹೃದಯದ ತೊಂದರೆ, ಹೆಚ್ಚು ಬಿ.ಪಿ., ಗ್ಲಾಕೋಮಾ ಇರುವವರು ಉಸಿರು ಬಿಗಿಹಿಡಿಯುವ ಕುಂಭಕ, ಜೋರಾದ ಕಪಾಲಭಾತಿಗಳನ್ನು ಟಿ.ವಿ. ನೋಡಿಕೊಂಡು ಮಾಡುವುದು ಬೇಡ.

ಆಸ್ತಿ ಪಾಲು, ಮೊಮ್ಮಗಳ ಮದುವೆ, ಕಾಯಿಲೆಯ ಖರ್ಚು, ಇಂಥ ಚಿಂತೆಗಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಗೊತ್ತು ಮಾಡಿ. ಮಧ್ಯಾಹ್ನ ನಾಲ್ಕು ಗಂಟೆ ಒಳ್ಳೆಯದು, ಮಲಗುವ ಹೊತ್ತು ಬೇಡ. ನೋಟ್ ಪುಸ್ತಕದಲ್ಲಿ ಒಂದು ಕಡೆ ಏನಾದರೂ ಮಾಡಬಹುದಾದ ಚಿಂತೆ, ಇನ್ನೊಂದು ಕಡೆ ಮಾಡಲು ಏನೂ ಇಲ್ಲದ ಚಿಂತೆ. ಮೊದಲನೆಯದಕ್ಕೆ ಎದುರು ಮುಂದಿನ ಕೆಲಸ ಬರೆಯಬೇಕು: ‘ಗುರುವಾರ ಬ್ಯಾಂಕಿಗೆ ಹೋಗಿ ನಾಮಿನಿ ಹೆಸರು ಹಾಕಿಸುವುದು.’ ಎಷ್ಟೋ ಹಿರಿಯರ ಚಿಂತೆ ಹುಸಿಯಲ್ಲ. ಉಯಿಲು ಬರೆದಿಲ್ಲ, ರಾತ್ರಿ ಹುಷಾರು ತಪ್ಪಿದರೆ ಯಾರನ್ನು ಕರೆಯಬೇಕೆಂದು ಗೊತ್ತಿಲ್ಲ. ಅಂಥದ್ದನ್ನು ಮಾತಿನಲ್ಲಿ ಸಮಾಧಾನ ಮಾಡುವ ಬದಲು ಮಾಡಿ ಮುಗಿಸಿ.

ಮಾತ್ರೆಗಳ ಬಗ್ಗೆ

ಅಲ್ಪ್ರಜೋಲಾಮ್, ಲೋರಜೆಪಾಮ್, ಕ್ಲೋನಜೆಪಾಮ್, ಡಯಜೆಪಾಮ್, ಇವು ನಮ್ಮ ಮನೆಗಳಲ್ಲಿ ‘ನಿದ್ದೆ ಮಾತ್ರೆ’ ಎಂದು ವರ್ಷಗಟ್ಟಲೆ ಉಳಿದುಬಿಡುತ್ತವೆ. ನುಂಗಿದ ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಶಾಂತಿ ಸಿಗುವುದೇ ಅವುಗಳ ಅಪಾಯ. ವಯಸ್ಸಾದಂತೆ ದೇಹ ಇವನ್ನು ಹೊರಹಾಕುವುದು ನಿಧಾನವಾಗುತ್ತದೆ. ಡಯಜೆಪಾಮ್‌ನಂಥದ್ದು ದಿನಗಟ್ಟಲೆ ಉಳಿಯುತ್ತದೆ. ತೂಕಡಿಕೆ, ಮರೆವು, ಗೊಂದಲ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿಯುವುದು ಇದರ ಫಲ. ಹಿರಿಯರಿಗೆ ಯಾವ ಔಷಧ ತಕ್ಕುದಲ್ಲ ಎನ್ನುವ ಪಟ್ಟಿಯೊಂದನ್ನು ಮಾರ್ಕ್ ಬೀರ್ಸ್ ಎಂಬ ವೈದ್ಯರು 1991ರಲ್ಲಿ ಶುರು ಮಾಡಿದರು. ಈಗ ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ ಪರಿಷ್ಕರಿಸುತ್ತಿರುವ ಆ ಪಟ್ಟಿ, 65 ದಾಟಿದವರಿಗೆ ಈ ಗುಂಪಿನ ಮಾತ್ರೆಗಳನ್ನು ಆದಷ್ಟೂ ತಪ್ಪಿಸಬೇಕು ಎನ್ನುತ್ತದೆ.

ಎಚ್ಚರಿಕೆ: ಇದನ್ನು ಓದಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಡಾಕ್ಟರ ಸಲಹೆಯಂತೆ ವಾರಗಳು, ಕೆಲವರಿಗೆ ತಿಂಗಳುಗಳು ತೆಗೆದುಕೊಂಡು ಇಳಿಸಬೇಕು.

ಔಷಧ ಬೇಕೇ ಬೇಕು ಎಂದಾದರೆ ಸಾಮಾನ್ಯವಾಗಿ ಮೊದಲು ಕೊಡುವುದು ಎಸಿಟಾಲೋಪ್ರಾಮ್ ಅಥವಾ ಸರ್ಟ್ರಾಲಿನ್. ಹಿರಿಯರಿಗೆ ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಮೊದಲ ಒಂದೆರಡು ವಾರ ವಾಕರಿಕೆ, ತುಸು ಹೆಚ್ಚೇ ಚಡಪಡಿಕೆ ಇರಬಹುದು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ‘ಈ ಮಾತ್ರೆ ಆಗಿಬರಲಿಲ್ಲ’ ಎಂದು ಐದನೇ ದಿನಕ್ಕೆ ಬಿಡುವವರೇ ಹೆಚ್ಚು, ಆ ಎರಡು ವಾರ ಮನೆಯವರು ಜೊತೆಗಿದ್ದು ದಾಟಿಸಬೇಕು. ಇವು ರಕ್ತದ ಸೋಡಿಯಂ ಇಳಿಸಬಹುದು, ಅದರಲ್ಲೂ ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ. ಮೊದಲ ವಾರಗಳಲ್ಲಿ ಸೋಡಿಯಂ ಪರೀಕ್ಷೆ ಕೇಳಿ ಮಾಡಿಸಿ, ಮಂಕು ಕವಿದರೆ, ಗೊಂದಲವಾದರೆ ತಕ್ಷಣ ತೋರಿಸಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ನೋವಿನ ಮಾತ್ರೆಗಳ ಜೊತೆ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಅವನ್ನೂ ಹೇಳಿ. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವಾಗಲೂ ಡಾಕ್ಟರನ್ನು ಕೇಳಿಯೇ ನಿಧಾನವಾಗಿ ಇಳಿಸಬೇಕು.

ಅಶ್ವಗಂಧದ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಕೆಲವರಲ್ಲಿ ಲಿವರಿಗೆ ತೊಂದರೆ ಮಾಡಿದ ವರದಿಗಳಿವೆ, ನಿದ್ದೆ ಮಾತ್ರೆಯ ಮಂಪರನ್ನೂ ಹೆಚ್ಚಿಸಬಹುದು. ಡಾಕ್ಟರಿಗೆ ತಿಳಿಸದೆ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯನ್ನು ತಂದು ಕೊಡುವುದು. ‘ನಿದ್ದೆ ಬರಲಿ’ ಎಂದು ಎಂಟಕ್ಕೇ ಮಲಗಿಸುವುದು. ಎಂಟಕ್ಕೆ ಮಲಗಿದವರು ಎರಡಕ್ಕೋ ಮೂರಕ್ಕೋ ಎಚ್ಚರಾದರೆ ಅಷ್ಟು ಹೊತ್ತಿಗೆ ಆರೇಳು ಗಂಟೆ ನಿದ್ದೆ ಮುಗಿದಿರುತ್ತದೆ. ಅವರ ಎದುರಿಗೇ ಡಾಕ್ಟರ ಹತ್ತಿರ ‘ಇವರದ್ದು ಬರೀ ಮನಸ್ಸಿನದು’ ಎಂದುಬಿಡುವುದು. ಕೈಗೆ ಸಿಗುವ ಕೆಲಸವನ್ನೆಲ್ಲ ‘ನೀವು ಆರಾಮಾಗಿರಿ’ ಎಂದು ಕಿತ್ತುಕೊಳ್ಳುವುದು. ಕೊನೆಯದು ಕಣ್ಣಿಗೆ ಬೀಳದ ತಪ್ಪು. ಸೊಪ್ಪು ಬಿಡಿಸುವುದು, ಹಾಲಿನ ಲೆಕ್ಕ ಬರೆಯುವುದು, ಮೊಮ್ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವುದು ಅವರಲ್ಲೇ ಉಳಿಯಲಿ. ಕೆಲಸವಿಲ್ಲದ ಮಧ್ಯಾಹ್ನಗಳೇ ಚಿಂತೆಗೆ ಎಡೆ ಕೊಡುತ್ತವೆ.

ಕಾಯಬಾರದ ಹೊತ್ತು

ಎದೆನೋವು, ಬೆವರು, ಏದುಸಿರು ಹೊಸದಾಗಿ ಬಂದರೆ ‘ಅದೇ ಗಾಬರಿ’ ಎಂದು ಸುಮ್ಮನಾಗಬೇಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. 108ಕ್ಕೆ ಕರೆ ಮಾಡಿ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ, ಯಾರೆಂದು ಗುರುತು ಸಿಗದಿರುವುದು ಸೋಂಕಿನಿಂದಲೋ ಸೋಡಿಯಂ ಇಳಿದೋ ಆಗುವಂಥದ್ದು, ಅದಕ್ಕೂ ಆಸ್ಪತ್ರೆಯೇ ಸರಿ. ‘ನಾನಿದ್ದು ಯಾರಿಗೇನು ಪ್ರಯೋಜನ’ ಎನ್ನುವ ಮಾತು ಬಂದರೆ ಬೈದು ಬಾಯಿ ಮುಚ್ಚಿಸಬೇಡಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಗದ್ದೆಗೆ ತಂದ ಕೀಟನಾಶಕ ಮತ್ತು ಮಾತ್ರೆ ಡಬ್ಬಿಗೆ ಬೀಗ ಹಾಕಿ, ಅಂದೇ ವೈದ್ಯರಿಗೆ ತೋರಿಸಿ.

ಎಲ್ಲಿಗೆ ಹೋಗಬೇಕು?

ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ನಡೆಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದ್ದರಿಂದ ಎಲ್ಲರೂ ಬೆಂಗಳೂರಿಗೆ ಓಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ಏರ್ಪಾಡೂ ಇದೆ, ನಿಮ್ಮಲ್ಲಿ ಯಾವ ದಿನ ಎಂದು ವಿಚಾರಿಸಿಕೊಂಡು ಹೋಗಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮನೆಯಿಂದಲೇ ಮಾತನಾಡಬೇಕೆಂದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಪಿಂಚಣಿ, ಮನೆಯಲ್ಲಿ ಕಿರುಕುಳ, ಒಂಟಿತನದಂಥ ವಿಷಯಗಳಿಗೆ ಹಿರಿಯರ ಸಹಾಯವಾಣಿ 14567.

‘ಹುಚ್ಚರ ಡಾಕ್ಟರ ಹತ್ತಿರ ನಾನು ಬರಲ್ಲ’ ಎಂದು ಹಿರಿಯರು ಹಟ ಹಿಡಿದರೆ ವಾದ ಮಾಡಬೇಡಿ. ಅವರು ನಂಬುವ ಫ್ಯಾಮಿಲಿ ಡಾಕ್ಟರಿಗೆ ಮೊದಲೇ ಎಲ್ಲ ತಿಳಿಸಿ, ಅವರ ಬಾಯಿಂದಲೇ ಹೇಳಿಸಿ. ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಆತಂಕ ಯಾವಾಗ ಶುರುವಾಯಿತು, ಆ ಹೊತ್ತಿಗೆ ಮನೆಯಲ್ಲಿ ಏನಾಗಿತ್ತು, ಯಾವ ಹೊತ್ತಿನಲ್ಲಿ ಹೆಚ್ಚು, ಏನೇನು ಮಾಡುವುದನ್ನು ಬಿಟ್ಟಿದ್ದಾರೆ, ಎಷ್ಟು ಕಾಫಿ, ಮದ್ಯದ ಅಭ್ಯಾಸ ಇದೆಯೇ ಎಂದು ಬರೆದುಕೊಳ್ಳಿ. ಮಾತ್ರೆಗಳ ಚೀಲ ಜೊತೆಗಿರಲಿ. ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಅವರೊಬ್ಬರೇ ಡಾಕ್ಟರ ಜೊತೆ ಮಾತನಾಡಲು ಬಿಟ್ಟು ಹೊರಗೆ ಬನ್ನಿ. ಮಕ್ಕಳ ಎದುರು ಹೇಳಲಾಗದ್ದನ್ನು ಅವರು ಅಲ್ಲಿ ಹೇಳಿಕೊಳ್ಳಬಹುದು.